ಬೆಳಗಾವಿ ಚಳಿಗೆ ಸಿಗಡಿ, ಸುರಮಯಿ ಸೂಪ್

ಡಿಸೆಂಬರ್ ಬಂತೆಂದರೆ ಬೆಳಗಾವಿಯಲ್ಲಿ ಹೊತ್ತು ಮುಳುಗಿದ ಕೂಡಲೇ ಸ್ವೆಟರ್ ಹುಡುಕಬೇಕು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮೀನಿನ ಸೂಪ್ ಆಗಾಗ ಆಗುತ್ತದೆ. ಸಾರಲ್ಲ, ಸೂಪ್. ತೆಂಗಿನಕಾಯಿ ರುಬ್ಬಿ ಹಾಕಿದರೆ ಅದು ಸಾರೇ ಆಗುತ್ತದೆ, ಕೂಡಲೇ ಅನ್ನ ಕೇಳುತ್ತದೆ. ಇದನ್ನು ಬಟ್ಟಲಿಗೆ ಹಾಕಿಕೊಂಡು ಹಾಗೇ ಕುಡಿಯುವುದು. ಆಲೂಗಡ್ಡೆ, ಮೀನು ಎಲ್ಲ ಇರುವುದರಿಂದ ರಾತ್ರಿ ಊಟಕ್ಕೆ ಇದೊಂದೇ ಸಾಕು.

ಗೋವಾ, ಕಾರವಾರದ ಕಡೆಯಿಂದ ಘಟ್ಟ ಹತ್ತಿ ನಮಗೆ ಮೀನು ಬರುತ್ತದೆ. ಐಸಿನಲ್ಲಿ ಬಂದ ಮಾಲು ಅಂತ ಗೊತ್ತಿದ್ದೇ ಕೊಳ್ಳಬೇಕು. ಜೂನ್, ಜುಲೈನಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಹಾಗಾಗಿ ಮಳೆಗಾಲದ ಚಳಿಗೆ ಈ ಸೂಪ್ ನೆನಪಾದರೂ ಕೈಗೆ ಸಿಗುವುದು ಕಷ್ಟ.

ನಾನು ಮೊದಲು ನೋಡುವುದು ಸಿಗಡಿಯ ತಲೆ. ಹಳೆಯದಾದ ಸಿಗಡಿ ಕಪ್ಪಾಗಲು ಶುರುವಾಗುವುದು ಅಲ್ಲಿಂದಲೇ. ತಲೆ ಸಡಿಲಾಗಿ ಜೋತಾಡುತ್ತಿದ್ದರೆ ಮುಂದಿನ ಬುಟ್ಟಿಗೆ ಹೋಗುತ್ತೇನೆ. ಸುಲಿದಿಟ್ಟ ಸಿಗಡಿ ಎಷ್ಟೇ ಸುಲಭ ಅನ್ನಿಸಿದರೂ ಈ ಸೂಪಿಗೆ ಬೇಡ. ರುಚಿಯೆಲ್ಲ ಇರುವುದು ನಾವು ಎಸೆಯುವ ತಲೆ, ಸಿಪ್ಪೆಯಲ್ಲೇ.

“ತಲಿ ತಗದು ಒಗೀಲೇನ್ರೀ ಅಕ್ಕಾ?” ಅಂತ ಮೀನು ಮಾರುವ ಮಾವಶಿ ಕೇಳುತ್ತಾರೆ.

“ಒಗೀಬ್ಯಾಡ್ರಿ ಮಾವಶಿ, ನನಗ ಅದ ಬೇಕಾಗೇತಿ.”

ನಾಲ್ಕು ಜನಕ್ಕೆ ತಲೆ ಸಮೇತ ಅರ್ಧ ಕಿಲೋ ಸಿಗಡಿ, 300 ಗ್ರಾಂ ಸುರಮಯಿ, ಅಂದರೆ ಅಂಜಲ್ ಮೀನು, ಸಾಕು. ಸುರಮಯಿಯ ತಲೆಯನ್ನೂ ಕೇಳಿ ತರುತ್ತೇನೆ. ಕಿವಿರು ಅಲ್ಲೇ ತೆಗೆಸಬೇಕು, ಇಲ್ಲದಿದ್ದರೆ ಕಹಿ ಬಿಡುತ್ತದೆ. ಬಂಗಡೆ ತಲೆ ಮಾತ್ರ ಬೇಡ. ಅದರ ಎಣ್ಣೆ ಜಾಸ್ತಿ, ಬೇರೆ ಯಾವ ರುಚಿಯನ್ನೂ ಮೇಲೆ ಬರಲು ಬಿಡುವುದಿಲ್ಲ. ತಿಸರ್ಯಾ, ಅಂದರೆ ಚಿಪ್ಪಿನೊಳಗಿನ ಮರುವಾಯಿ, ಸಿಕ್ಕರೆ ಒಂದು ಬಟ್ಟಲು ತಂದು, ಉಪ್ಪುನೀರಿನಲ್ಲಿ ಒಂದು ತಾಸು ಬಿಟ್ಟರೆ ಮರಳು ಕಕ್ಕುತ್ತವೆ. ಬಾಯಿ ತೆರೆದದ್ದನ್ನು ಬೆರಳಿಂದ ತಟ್ಟಿ ನೋಡಿ. ಮುಚ್ಚಿಕೊಳ್ಳದಿದ್ದರೆ ಸತ್ತಿದೆ ಅಂತಲೇ ಲೆಕ್ಕ, ಎಸೆಯಿರಿ.

ಈಗ ಮುಖ್ಯ ಕೆಲಸ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಸಿಗಡಿಯ ತಲೆ, ಸಿಪ್ಪೆ ಹಾಕಿ ಹುರಿಯುತ್ತೇನೆ. ಮೊದಲು ನೀರು ಬಿಟ್ಟು ಚಟಪಟ ಅನ್ನುತ್ತದೆ. ಆ ನೀರು ಆರಿದ ಮೇಲೆ ಸಪ್ಪೆ ಬೂದು ಬಣ್ಣ ಹೋಗಿ ಕೆಂಪಾಗುತ್ತದೆ. ಬಣ್ಣ ಎಣ್ಣೆಗೂ ಇಳಿದು, ಪಾತ್ರೆಯ ಅಂಚಿನಲ್ಲಿ ಕಿತ್ತಳೆ ಎಣ್ಣೆ ಕಾಣಿಸುತ್ತದೆ. ಹಸಿ ವಾಸನೆ ಹೋಗಿ ಹುರಿದ ಘಮ ಬರಬೇಕು, ಐದಾರು ನಿಮಿಷ ಹಿಡಿಯುತ್ತದೆ. ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಮಸಾಲೆಯೂ ಅದನ್ನು ತುಂಬಿಕೊಡುವುದಿಲ್ಲ. ಆಮೇಲೆ ಉಳ್ಳಾಗಡ್ಡಿ, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಹತ್ತಾರು ಮೆಣಸಿನಕಾಳು, ಸುರಮಯಿ ತಲೆ, ಒಂದೂವರೆ ಲೀಟರ್ ನೀರು. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮೇಲೆ ಬರುವ ನೊರೆ ತೆಗೆಯುತ್ತಾ 25 ನಿಮಿಷ. ಮಟನ್ ಎಲುಬಿನ ಹಾಗೆ ತಾಸುಗಟ್ಟಲೆ ಕುದಿಸಬಾರದು, ಮೀನಿನ ಎಲುಬು ಕಹಿಯಾಗುತ್ತದೆ. ಕುಕ್ಕರ್ ಅಂತೂ ಬೇಡವೇ ಬೇಡ. ಸೋಸುವಾಗ ತಲೆಗಳನ್ನು ಸೌಟಿನಿಂದ ಗಟ್ಟಿಯಾಗಿ ಒತ್ತಿ. ಒಳಗಿನ ಆ ಕೆಂಪು ಗಸಿ ಇಳಿಯಬೇಕು.

ಮುಂದಿನದು ಬೇಗ ಆಗುತ್ತದೆ. ಬೆಣ್ಣೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಜ್ಜರಿ, ಒಂದು ಟೊಮೆಟೊ ಬಾಡಿಸಿ. ನೆನೆಸಿ ರುಬ್ಬಿದ ಎರಡು ಬ್ಯಾಡಗಿ ಮೆಣಸಿನಕಾಯಿ ಸೇರಿಸಿ. ಖಾರಕ್ಕಿಂತ ಬಣ್ಣಕ್ಕೆ ಅದು. ಸೋಸಿದ ರಸ, ಸಣ್ಣಗೆ ಹೆಚ್ಚಿದ ಎರಡು ಆಲೂಗಡ್ಡೆ ಹಾಕಿ ಬೇಯಿಸಿ. ದಪ್ಪ ಬರಲು ನಾನು ಎರಡು ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕುತ್ತೇನೆ. ಕಾರ್ನ್‌ಫ್ಲೋರ್ ಹಾಕಿದರೆ ಹೋಟೆಲ್ ಸೂಪಿನ ಹಾಗೆ ಹೊಳೆಯುತ್ತದೆ, ಆದರೆ ಜೋಳದ ಹಿಟ್ಟಿಗೆ ಅದರದ್ದೇ ರುಚಿ ಇದೆ ಅಲ್ವಾ? ಹಿಟ್ಟಿನ ಹಸಿತನ ಹೋಗಲು ಐದು ನಿಮಿಷ ಕುದಿಸಿ.

ಮೀನು ಹಾಕುವುದು ಕೊನೆಗೆ. ಎಲ್ಲರೂ ಬಟ್ಟಲು ಹಿಡಿದು ಕೂತ ಮೇಲೆ ಅಂದರೂ ತಪ್ಪಿಲ್ಲ. ಮೊದಲು ತಿಸರ್ಯಾ, ಸುರಮಯಿ ತುಂಡು. ಎರಡು ನಿಮಿಷ ಬಿಟ್ಟು ಸಿಗಡಿ. ಇನ್ನೆರಡು ಮೂರು ನಿಮಿಷಕ್ಕೆ ಸಿಗಡಿ ಮಡಚಿ ಗುಲಾಬಿ ಬಣ್ಣ ಬಂದರೆ ಉರಿ ಆರಿಸಿ. ಇನ್ನೂ ಬೆಂದರೆ ರಬ್ಬರ್. ಆಗಲೂ ಬಾಯಿ ಬಿಡದ ತಿಸರ್ಯಾ ತಿನ್ನಬೇಡಿ. ಉರಿ ಆರಿಸಿದ ಮೇಲೆ ಹುಳಿಗೆ ಮೂರ್ನಾಲ್ಕು ಆಮಸೂಲು (ಒಣಗಿಸಿದ ಕೋಕಂ ಸಿಪ್ಪೆ) ಹಾಕಿ ಮುಚ್ಚಿಡುತ್ತೇನೆ. ಉಪ್ಪು ನೋಡುವುದು ಅದರ ನಂತರವೇ. ತಿಸರ್ಯಾದಲ್ಲೂ ಆಮಸೂಲಿನಲ್ಲೂ ಉಪ್ಪು ಇದ್ದೇ ಇರುತ್ತದೆ.

ಜೊತೆಗೆ ಬೆಣ್ಣೆ ಸವರಿ ತವೆಯ ಮೇಲೆ ಗರಿಗರಿ ಮಾಡಿದ ಪಾವ್ ಚೆನ್ನಾಗಿರುತ್ತದೆ. ಮನೆಯವರು ಮಾತ್ರ ಕಟಕ ರೊಟ್ಟಿ ಮುರಿದು ಹಾಕಿಕೊಳ್ಳುತ್ತಾರೆ, ಅದೂ ನಡೆಯುತ್ತದೆ.

ಸಿಪ್ಪೆಗಳನ್ನು ಅವತ್ತೇ ಕಾಗದದಲ್ಲಿ ಸುತ್ತಿ ಹೊರಗೆ ಹಾಕಿ, ಇಲ್ಲದಿದ್ದರೆ ಬೆಳಿಗ್ಗೆ ಇಡೀ ಓಣಿಗೆ ಗೊತ್ತಾಗುತ್ತದೆ. ಮರುದಿನಕ್ಕೆ ಬೇಕಿದ್ದರೆ ಮೀನು ಹಾಕುವ ಮೊದಲೇ ಒಂದು ಪಾಲು ತೆಗೆದು ಫ್ರಿಜ್‌ನಲ್ಲಿಡಿ. ಹಸಿ ಸಿಗಡಿಯನ್ನೂ ನಾಲ್ಕು ಎತ್ತಿಟ್ಟಿರಿ, ಬಿಸಿ ಮಾಡುವಾಗ ಹಾಕಿದರಾಯಿತು.