ಚಾಳೀಸು ಬಂದಿದೆಯೇ? ಮನೆಯಲ್ಲೇ ಗುರುತಿಸುವ ಬಗೆ

ನಲವತ್ತು ದಾಟಿದವರನ್ನು ‘ಕಣ್ಣು ಕಾಣುತ್ತಾ?’ ಎಂದು ಕೇಳಿದರೆ ‘ಚೆನ್ನಾಗೇ ಕಾಣುತ್ತೆ’ ಎನ್ನುತ್ತಾರೆ. ಸುಳ್ಳೇನಲ್ಲ, ದೂರದ ಬಸ್ಸಿನ ಬೋರ್ಡು ಅವರಿಗೆ ನಿಜಕ್ಕೂ ಕಾಣುತ್ತದೆ. ಗಮನಿಸಬೇಕಾದದ್ದು ಅವರ ಕೈಯನ್ನು. ಮೊಬೈಲು, ಪೇಪರು ಹಿಡಿದ ಕೈ ತಿಂಗಳು ತಿಂಗಳಿಗೆ ದೂರ ಸರಿಯುತ್ತಿದ್ದರೆ ಅದು ಚಾಳೀಸಿನ, ಅಂದರೆ ವಯಸ್ಸಿನಿಂದ ಹತ್ತಿರದ್ದು ಮಸುಕಾಗುವುದರ, ಆರಂಭ.

ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕರೆಯುವುದು, ಅಕ್ಕಿ ಆರಿಸುವಾಗ ಮೊರವನ್ನು ಬಾಗಿಲ ಬೆಳಕಿಗೆ ಒಯ್ಯುವುದು, ಮಾತ್ರೆಯ ಮೇಲಿನ ಎಕ್ಸ್‌ಪೈರಿ ದಿನಾಂಕ ಓದದೆ ಬಿಡುವುದು, ಸಂಜೆ ಓದಲು ಕೂತರೆ ಹಣೆ ನೋಯುವುದು, ಓದಿ ತಲೆಯೆತ್ತಿದಾಗ ಕ್ಷಣಕಾಲ ದೂರದ್ದು ಮಸುಕಾಗುವುದು ಇವೆಲ್ಲ ಅದರ ಜೊತೆಗೇ ಬರುತ್ತವೆ. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಗಡುಸಾಗಿ, ಹತ್ತಿರದ ವಸ್ತುವಿಗೆ ಬೇಕಾದಷ್ಟು ಉಬ್ಬಲಾರದು. ಬಿಸಿಲಲ್ಲಿ ಓದಲು ಬರುವುದೇಕೆಂದರೆ ಪಾಪೆ ಕಿರಿದಾಗಿ ಅಕ್ಷರ ತುಸು ಚೊಕ್ಕವಾಗುತ್ತದೆ. ಆದ್ದರಿಂದ ಹಗಲಲ್ಲಿ ಪರೀಕ್ಷಿಸಿ ‘ಏನೂ ಇಲ್ಲ’ ಎಂದುಕೊಂಡರೆ ಮೋಸಹೋಗುತ್ತೀರಿ.

ರಾತ್ರಿ, ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ. ದೂರದೃಷ್ಟಿಗೆ ಕನ್ನಡಕ ಇದ್ದರೆ ಹಾಕಿಕೊಂಡೇ ಇರಲಿ. 40 ಸೆಂಟಿಮೀಟರಿನ ದಾರ ಕತ್ತರಿಸಿ, ಒಂದು ತುದಿಯನ್ನು ಕಣ್ಣಿನ ಪಕ್ಕದ ಎಲುಬಿಗೆ, ಇನ್ನೊಂದನ್ನು ದಿನಪತ್ರಿಕೆಗೆ ಹಿಡಿಯಿರಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ (ಒತ್ತಬಾರದು, ಒತ್ತಿದರೆ ಆಮೇಲೆ ಆ ಕಣ್ಣೇ ಮಂಜಾಗುತ್ತದೆ) ಸುದ್ದಿಯ ಸಣ್ಣ ಅಕ್ಷರಗಳ ನಾಲ್ಕು ಸಾಲು ಓದಿಸಿ, ಬಳಿಕ ಇನ್ನೊಂದು ಕಣ್ಣಿನಲ್ಲಿ. ಶೀರ್ಷಿಕೆ ಬೇಡ, ಅದನ್ನು ಊಹಿಸಿ ಓದಿಬಿಡುತ್ತಾರೆ. ಆ ದೂರದಲ್ಲಿ ತೊದಲಿ, ಪತ್ರಿಕೆಯನ್ನು ಹಿಂದಕ್ಕೆ ಒಯ್ದಾಗ ಸಲೀಸಾದರೆ ಚಾಳೀಸು ಎನ್ನಬಹುದು. ಹಿಂದಕ್ಕೆ ಒಯ್ದರೂ ಸ್ಪಷ್ಟವಾಗದಿದ್ದರೆ ಕಾರಣ ಬೇರೆ ಇರಬಹುದು.

ದೂರಕ್ಕೆ ಮೈನಸ್ ಕನ್ನಡಕ ಹಾಕುವವರು ಕೈ ಚಾಚುವುದಿಲ್ಲ, ಓದುವಾಗ ಕನ್ನಡಕವನ್ನು ಹಣೆಗೇರಿಸುತ್ತಾರೆ. ಮೈನಸ್ 2.5 ಇದ್ದವರಿಗೆ ಬರಿಗಣ್ಣಿನಲ್ಲಿ 40 ಸೆಂಟಿಮೀಟರ್ ಸ್ಪಷ್ಟವಾಗಿರುವುದರಿಂದ ತಮಗೆ ಚಾಳೀಸು ಬಂದಿದ್ದೇ ಎಷ್ಟೋ ಜನಕ್ಕೆ ತಿಳಿಯದು. ಪ್ಲಸ್ ದೋಷವಿದ್ದವರಿಗೆ (ದೂರಕ್ಕೂ ಪ್ಲಸ್ ಕನ್ನಡಕ ಬೇಕಾಗುವವರಿಗೆ) ಚಾಳೀಸು ನಲವತ್ತಕ್ಕೆ ಮೊದಲೇ ಕಾಡುತ್ತದೆ.

ಓದುವ ಪವರ್ ಸಾಮಾನ್ಯವಾಗಿ 40–45ರ ಸುಮಾರಿಗೆ +1ರಿಂದ ಶುರುವಾಗಿ, ಐವತ್ತರ ಆಸುಪಾಸಿನಲ್ಲಿ +1.75–2, ಅರವತ್ತಕ್ಕೆ +2.5 ತಲುಪಿ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಕನ್ನಡಕ ಹಾಕಿದ್ದಕ್ಕೇ ಪವರ್ ಏರಿತು ಎಂಬ ದೂರು ತಪ್ಪು. ಹಾಕದಿದ್ದರೂ ಅಷ್ಟೇ ಏರುತ್ತಿತ್ತು. ಅಂಗಡಿಯ ರೆಡಿಮೇಡ್ ಕನ್ನಡಕ ಕೊಳ್ಳುವವರು ಅಕ್ಷರ ದಪ್ಪಗೆ ಕಂಡಿತೆಂದು ಹೆಚ್ಚಿನ ಪವರನ್ನೇ ಆರಿಸುತ್ತಾರೆ. ಆಗ ಪುಸ್ತಕವನ್ನು ಮೂಗಿನ ಹತ್ತಿರ ತರಬೇಕಾಗುತ್ತದೆ. ಅವುಗಳಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್, ಸಿಲಿಂಡರ್ (ಅಡ್ಡ, ಉದ್ದ ದಿಕ್ಕುಗಳಲ್ಲಿ ಬೇರೆಬೇರೆಯಾದ ದೋಷಕ್ಕೆ ಕೊಡುವ ಪವರ್) ಇರುವುದಿಲ್ಲ. ಎರಡು ಕಣ್ಣಿನ ಪವರ್ ಬೇರೆಯಿದ್ದವರಿಗೆ ಅದರಿಂದ ತಲೆನೋವೇ ಗಳಿಕೆ.

ಒಂದೇ ಕಣ್ಣು ದಿಢೀರನೆ ಮಂಜಾದರೆ, ಕಿಟಕಿಯ ನೇರ ಸರಳು ಡೊಂಕಾಗಿ ಕಂಡರೆ ಅಂಗಡಿಗಲ್ಲ, ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಅರವತ್ತು ದಾಟಿದವರು ‘ಕಣ್ಣು ಮತ್ತೆ ಸರಿಹೋಯ್ತು, ಕನ್ನಡಕವೇ ಬೇಡ’ ಎಂದು ಹಿಗ್ಗುತ್ತಿದ್ದರೆ ಪೊರೆ ಬೆಳೆಯುತ್ತಿರುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರಿಳಿದಂತೆ ಪವರೂ ಬದಲಾಗುತ್ತದೆ; ಸಕ್ಕರೆ ಕೆಲವು ವಾರ ಹತೋಟಿಯಲ್ಲಿದ್ದ ಮೇಲೆ ಅಳತೆ ಕೊಡಿ, ಇಲ್ಲವಾದರೆ ಗಾಜಿನ ದುಡ್ಡು ದಂಡ.

ತಪಾಸಣೆಗೆ ಹೋದಾಗ ಕಣ್ಣಿನೊಳಗಿನ ಒತ್ತಡವನ್ನೂ ನೋಡಲು ಕೇಳಿ. ಹೂ ಕಟ್ಟುವವರು, ಹೊಲಿಯುವವರು ಕೆಲಸದ ದೂರವನ್ನು ಮನೆಯಲ್ಲೇ ಅಳೆದುಕೊಂಡು ಹೋಗುವುದು ಒಳ್ಳೆಯದು. 30 ಸೆಂಟಿಮೀಟರಿನಲ್ಲಿ ಹೊಲಿಯುವವರಿಗೂ 60ರಲ್ಲಿ ಕಂಪ್ಯೂಟರ್ ನೋಡುವವರಿಗೂ ಒಂದೇ ಪವರ್ ಹೊಂದದು.