ದೊಡ್ಡಪ್ಪನ ‘ಟಿವಿ’ ಕಪ್ಪಾದಾಗ

ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ತೀರ್ಥಹಳ್ಳಿಯಿಂದ ದೊಡ್ಡಪ್ಪನ ಫೋನು. ‘ಟಿವಿ ಹೋಯ್ತು ಮಾರಾಯ!’ ಹಿಂದೆ ನಡುಮನೆಯಲ್ಲಿ ಟಿವಿ ಧಾರಾವಾಹಿ ಜೋರಾಗಿ ಅಳುತ್ತಿರುವುದು ನನಗೆ ಇಲ್ಲಿ ಬೆಂಗಳೂರಿಗೇ ಕೇಳಿಸುತ್ತಿತ್ತು. ದೊಡ್ಡಪ್ಪನ ನಿಘಂಟಿನಲ್ಲಿ ಮಾನಿಟರ್ ಅಂದರೆ ಟಿವಿ, ಸಿಪಿಯು ಅಂದರೆ ಡಬ್ಬಿ, ಇಂಟರ್‌ನೆಟ್ ಅಂದರೆ ಗೂಗಲ್. ಅದನ್ನು ತಿದ್ದಲು ಹೋಗಿ ನಾನು ಹಿಂದೊಮ್ಮೆ ಅರ್ಧ ಗಂಟೆ ಕಳೆದಿದ್ದೇನೆ. ಈಗ ನಾನೂ ಟಿವಿ, ಡಬ್ಬಿ ಅಂತಲೇ ಮಾತಾಡುತ್ತೇನೆ. ಕೆಲಸ ಬೇಗ ಆಗುತ್ತದೆ.

ಊರಿನ ಹಿರಿಯರ ಕಂಪ್ಯೂಟರನ್ನು ಫೋನಿನಲ್ಲೇ ಸರಿ ಮಾಡಿಸಬೇಕಾದ ಮಕ್ಕಳು, ಮೊಮ್ಮಕ್ಕಳಿಗೆ ನಾನು ಬಿದ್ದು ಎದ್ದು ಕಲಿತ ಕ್ರಮ ಇದು.

ಮೊದಲ ಪ್ರಶ್ನೆ

‘ಏನು ಒತ್ತಿದ್ರಿ?’ ಅಂತ ಮಾತ್ರ ಕೇಳಬೇಡಿ. ‘ನಾನು ಎಂತದೂ ಮುಟ್ಟಿಲ್ಲ’ ಅನ್ನುವ ಉತ್ತರ ಬರುತ್ತದೆ, ಅಲ್ಲಿಗೆ ತನಿಖೆ ಮುಗಿಯಿತು. ‘ಈಗ ಏನು ಕಾಣ್ತಿದೆ?’ ಅಂತ ಕೇಳಿ. ಪೂರ್ತಿ ಕಪ್ಪೋ, ಕಪ್ಪಿನ ಮೇಲೆ ಏನಾದರೂ ಬರಹ ಬಂದು ಹೋಯಿತೋ, ಬಾಣದ ಗುರುತು ಇದೆಯೋ, ಚಿತ್ರ ಇದ್ದೂ ಅಡ್ಡಾದಿಡ್ಡಿಯೋ? ವಾಟ್ಸ್‌ಆ್ಯಪ್ ವಿಡಿಯೊ ಕರೆ ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ಮೊದಲೈದು ನಿಮಿಷ ದೊಡ್ಡಪ್ಪನ ಕಿವಿಯೇ ಕಾಣುತ್ತದೆ, ಹಿಂದಿನ ಕ್ಯಾಮೆರಾಕ್ಕೆ ತಿರುಗಿಸುವಷ್ಟು ಹೊತ್ತು ತಾಳ್ಮೆ ಬೇಕು.

ಪೂರ್ತಿ ಕಪ್ಪಾಗಿದ್ದರೆ

ಮಾನಿಟರಿನ ಅಂಚಿನಲ್ಲಿ ಒಂದು ಪುಟ್ಟ ದೀಪ ಇರುತ್ತದೆ. ಅರ್ಧ ಉತ್ತರ ಅಲ್ಲೇ ಇದೆ. ದೀಪವೇ ಇಲ್ಲದಿದ್ದರೆ ಕರೆಂಟು ಬರುತ್ತಿಲ್ಲ: ಗೋಡೆಯ ಸ್ವಿಚ್ಚು, ಯುಪಿಎಸ್ಸು, ಮಾನಿಟರಿನ ಹಿಂದೆ ಸಡಿಲವಾದ ಪ್ಲಗ್ಗು, ಈ ಕ್ರಮದಲ್ಲಿ ನೋಡಿಸಿ. ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಅಥವಾ ಮಿಣುಕುತ್ತಿದ್ದರೆ, ಇಲ್ಲವೇ ‘ನೋ ಸಿಗ್ನಲ್’ ಅಂತ ಬಂದು ಹೋದರೆ, ಸಾಮಾನ್ಯವಾಗಿ ಮಾನಿಟರ್ ಚೆನ್ನಾಗಿಯೇ ಇದೆ. ಡಬ್ಬಿಯಿಂದ ಅದಕ್ಕೆ ಚಿತ್ರ ಬರುತ್ತಿಲ್ಲ, ಅಷ್ಟೆ. ‘ಟಿವಿ ಹೋಗಿಲ್ಲ ದೊಡ್ಡಪ್ಪ’ ಅಂದ ಕೂಡಲೇ ಆ ಕಡೆಯ ಉಸಿರು ಸಲೀಸಾಯಿತು.

ಮುಂದಿನದು ಡಬ್ಬಿ ಬದುಕಿದೆಯೇ ಅನ್ನುವ ಪರೀಕ್ಷೆ. ಕೀಬೋರ್ಡಿನಲ್ಲಿ ನಮ್ ಲಾಕ್ ಒತ್ತಿಸಿ. ಅದರ ದೀಪ ಒತ್ತಿದಂತೆಲ್ಲ ಹತ್ತಿ ಆರಿದರೆ ಕಂಪ್ಯೂಟರ್ ಒಳಗೆ ಕೆಲಸ ಮಾಡುತ್ತಿದೆ. ದೊಡ್ಡಪ್ಪನದು ಹತ್ತಿ ಆರುತ್ತಿತ್ತು. ಹಾಗಾದರೆ ಉಳಿದದ್ದು ನಡುವಿನ ಕೇಬಲ್ಲು.

ಎರಡನ್ನೂ ಆಫ್ ಮಾಡಿಸಿ, ಕೇಬಲ್ಲಿನ ಎರಡೂ ತುದಿ ಬಿಚ್ಚಿ ಮತ್ತೆ ಒತ್ತಿ ಕೂರಿಸಲು ಹೇಳಿ. ಹಳೆಯ ವಿಜಿಎ ಆದರೆ ನೀಲಿ ತಲೆ, ಇಬ್ಬದಿಯಲ್ಲಿ ಕೈಯಲ್ಲೇ ತಿರುಗಿಸುವ ಎರಡು ತಿರುಪು, ಒಳಗೆ ಮೂರು ಸಾಲಿನಲ್ಲಿ ಸೂಜಿಯಂಥ ಪಿನ್ನು. ಬಲವಂತ ಮಾಡಿದರೆ ಪಿನ್ನು ಬಾಗುತ್ತದೆ. ಎಚ್‌ಡಿಎಂಐ ಚಪ್ಪಟೆ, ತಿರುಪಿಲ್ಲ, ಒಂದೇ ಮಗ್ಗುಲಲ್ಲಿ ಒಳಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಕಪ್ಪೇ. ಆಗ ಹಿಂದಿನಿಂದ ದೊಡ್ಡಮ್ಮನ ದನಿ: ‘ಹಬ್ಬಕ್ಕೆ ಜೇಡ ತೆಗ್ದು ಒರೆಸಿದ್ದೆ. ಬಿಚ್ಚಿದ್ದನ್ನೆಲ್ಲ ಎಲ್ಲಿ ಕೂರ್ತದೋ ಅಲ್ಲಿಗೇ ಹಾಕಿದೀನಿ.’

ಅದೇ ಆಗಿದ್ದದ್ದು. ಆ ಡಬ್ಬಿ ಮೊದಲು ಅವರ ಮಗನದು, ಅವನು ಅದರಲ್ಲಿ ಗೇಮ್ ಆಡಲು ಗ್ರಾಫಿಕ್ಸ್ ಕಾರ್ಡ್ (ಚಿತ್ರ ಮೂಡಿಸಲೆಂದೇ ಇರುವ ಬೇರೆ ಬೋರ್ಡು) ಹಾಕಿಸಿದ್ದ. ಇಂಥ ಯಂತ್ರದ ಬೆನ್ನಿನಲ್ಲಿ ಒಂದೇ ಆಕಾರದ ತೂತು ಎರಡು ಕಡೆ ಇರುತ್ತವೆ. ಮೇಲೆ ಯುಎಸ್‌ಬಿಗಳ ಗುಂಪಿನಲ್ಲಿ ಒಂದು, ಅದು ಡಬ್ಬಿಯ ಮುಖ್ಯ ಬೋರ್ಡಾದ ಮದರ್‌ಬೋರ್ಡಿನದು. ಕೆಳಗೆ ಅಡ್ಡಪಟ್ಟಿಯಲ್ಲಿ ಇನ್ನೊಂದು, ಅದು ಕಾರ್ಡಿನದು. ಕಾರ್ಡ್ ಇದ್ದಾಗ ಮೇಲಿನದು ಬಹಳ ಸಲ ಸುಮ್ಮನಿರುತ್ತದೆ. ಕೇಬಲ್ ಕೆಳಕ್ಕೆ ಬಂತು, ಚಿತ್ರವೂ ಬಂತು. ದೊಡ್ಡಮ್ಮನ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಎರಡು ಕಡೆ ಒಂದೇ ಥರದ ತೂತು ಇಟ್ಟವರನ್ನು ಕೇಳಬೇಕು.

ಡಬ್ಬಿಯೇ ಏಳದಿದ್ದರೆ

ಫ್ಯಾನು ತಿರುಗುತ್ತದೆ, ಚಿತ್ರವಿಲ್ಲ, ಕೆಲವೊಮ್ಮೆ ಬೀಪ್ ಬೀಪ್ ಸದ್ದು. ಮಲೆನಾಡಿನ ಮಳೆಗಾಲದಲ್ಲಿ ನನ್ನ ಮೊದಲ ಅನುಮಾನ ಮೆಮೊರಿ ಪಟ್ಟಿಯಾದ ರ‍್ಯಾಮ್ ಮೇಲೆ. ತೇವಕ್ಕೆ, ಧೂಳಿಗೆ ಅದರ ಚಿನ್ನದ ಬಣ್ಣದ ಅಂಚು ಮಂಕಾಗಿ ಸಂಪರ್ಕ ತಪ್ಪುತ್ತದೆ. ಪ್ಲಗ್ ಕಿತ್ತು, ಪಟ್ಟಿಯನ್ನು ಹೊರತೆಗೆದು, ಆ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ‘ಟಕ್’ ಅನ್ನುವವರೆಗೆ ಒತ್ತಿ ಕೂರಿಸುವುದು ರಿಪೇರಿಯವರೆಲ್ಲ ಮಾಡುವ ಉಪಾಯ. ಆದರೆ ಇದನ್ನು ಫೋನಿನಲ್ಲಿ ಹಿರಿಯರ ಕೈಯಲ್ಲಿ ಮಾಡಿಸಬೇಡಿ. ಪೇಟೆಯ ರಿಪೇರಿ ಹುಡುಗನನ್ನು ಕರೆಸಿ, ಅಥವಾ ನೀವು ಹಬ್ಬಕ್ಕೆ ಹೋದಾಗ ಮಾಡಿ. ಕರೆಂಟು ಕಿತ್ತ ಮೇಲೂ ಪವರ್ ಸಪ್ಲೈ ಪೆಟ್ಟಿಗೆಯೊಳಗೆ ವಿದ್ಯುತ್ ಉಳಿದಿರಬಹುದು, ಅದನ್ನಂತೂ ಯಾರೂ ಬಿಚ್ಚುವುದು ಬೇಡ.

ಲ್ಯಾಪ್‌ಟಾಪ್ ಆದರೆ ಇನ್ನೊಂದು ಪರೀಕ್ಷೆ ಇದೆ. ಕೋಣೆ ಕತ್ತಲು ಮಾಡಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿಸಿ. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಹಿಂಬೆಳಕು ಮಾತ್ರ.

ಚಿತ್ರ ಇದೆ, ಆದರೆ ಸರಿ ಇಲ್ಲ

ಇಲ್ಲಿ ಬಹುಪಾಲು ದೂರು ಬೆರಳು ತಪ್ಪಿ ಒತ್ತಿದ ಗುಂಡಿಗಳದು. ವಿಂಡೋಸ್ ಹಾಕಿದ ಯಂತ್ರಗಳಿಗೆ ಈ ಮದ್ದು.

ಪರದೆ ತಲೆಕೆಳಗಾಗಿದ್ದರೆ ಕೆಲವು ಹಳೆಯ ಯಂತ್ರಗಳಲ್ಲಿ ಕಂಟ್ರೋಲ್, ಆಲ್ಟ್ ಹಿಡಿದು ಮೇಲ್ಮುಖ ಬಾಣ ಒತ್ತಿದರೆ ಸಾಕು. ಆಗದಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ಡಿಸ್‌ಪ್ಲೇ ಸೆಟ್ಟಿಂಗ್ಸ್, ಅಲ್ಲಿ ಓರಿಯೆಂಟೇಶನ್ ಅನ್ನು ಲ್ಯಾಂಡ್‌ಸ್ಕೇಪ್ ಮಾಡಿಸಿ. ಹೊಸ ಸ್ಥಿತಿ ಇರಲೇ ಎಂದು ಅದು ಕೇಳುತ್ತದೆ. 15 ಸೆಕೆಂಡಿನೊಳಗೆ ಒಪ್ಪಿಗೆ ಒತ್ತದಿದ್ದರೆ ಮತ್ತೆ ತಲೆಕೆಳಗು. ಹಿರಿಯರು ಕನ್ನಡಕ ಹುಡುಕುವಷ್ಟರಲ್ಲಿ ಆ 15 ಸೆಕೆಂಡು ಮುಗಿದಿರುತ್ತದೆ, ಮೊದಲೇ ಹಾಕಿಕೊಂಡು ಕೂರಲು ಹೇಳಿ.

ಎಲ್ಲವೂ ರಾಕ್ಷಸ ಗಾತ್ರವಾಗಿ, ಮೌಸ್ ಹೋದಲ್ಲೆಲ್ಲ ಪರದೆ ಓಡುತ್ತಿದ್ದರೆ ಭೂತಗನ್ನಡಿ ಶುರುವಾಗಿದೆ: ವಿಂಡೋಸ್ ಗುಂಡಿ ಹಿಡಿದು ಎಸ್ಕೇಪ್. ಬ್ರೌಸರಿನ ಅಕ್ಷರ ಮಾತ್ರ ದೊಡ್ಡದಾದರೆ ಕಂಟ್ರೋಲ್ ಮತ್ತು ಸೊನ್ನೆ. ಪರದೆ ಹೆಪ್ಪುಗಟ್ಟಿದಂತೆ ಕಪ್ಪಾಗಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ. ಒಮ್ಮೆ ಮಿಟುಕಿ, ಚಿತ್ರ ಮೂಡಿಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ.

ಕೆಂಪು ಎಚ್ಚರಿಕೆ, ಕಿರುಚುವ ಸದ್ದು, ‘ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಅಂತ ಪರದೆ ತುಂಬ ಬಂದರೆ ಅದು ಮೋಸ. ವಿಂಡೋಸಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಎಸ್ಕೇಪ್ ಒತ್ತಿ ಹಿಡಿಯಲಿ, ಹೋಗದಿದ್ದರೆ ಪವರ್ ಗುಂಡಿಯನ್ನು ಆಫ್ ಆಗುವವರೆಗೆ ಒತ್ತಿ ಹಿಡಿಯಲಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ನೀವು ದೂರದಿಂದ ಪರದೆ ನೋಡಲು ವಿಂಡೋಸಿನಲ್ಲೇ ಕ್ವಿಕ್ ಅಸಿಸ್ಟ್ ಇದೆ. ಆದರೆ ‘ಮನೆಯವರು ಹೇಳಿದ ಕೋಡ್ ಬಿಟ್ಟು ಬೇರೆ ಯಾರು ಹೇಳಿದ್ದನ್ನೂ ಅಲ್ಲಿ ಹೊಡೆಯಬೇಡಿ’ ಎಂದು ಮೊದಲೇ ಹೇಳಿಡಿ.

‘ಎಲ್ಲ ಮಬ್ಬು ಮಬ್ಬು’

ಇದನ್ನು ಸೆಟ್ಟಿಂಗ್ಸಿನಿಂದ ಶುರು ಮಾಡಬೇಡಿ. ಒದ್ದೆ ಬಟ್ಟೆಯಿಂದ ಶುರು ಮಾಡಿ (ನೀರು ಬಟ್ಟೆಗೆ, ಪರದೆಗಲ್ಲ, ಕರೆಂಟು ಆಫ್ ಮಾಡಿ). ಊದುಬತ್ತಿ ಹೊಗೆಯ ಪದರ ಎಷ್ಟು ದಪ್ಪ ಅಂತ ಒರೆಸಿದಾಗಲೇ ತಿಳಿಯುವುದು.

ಆಮೇಲೆ ರೆಸಲ್ಯೂಶನ್, ಅಂದರೆ ಪರದೆಯ ಮೇಲಿನ ಚುಕ್ಕಿಗಳ ಲೆಕ್ಕ. ಅಕ್ಷರ ದೊಡ್ಡದಾಗಲಿ ಅಂತ ಯಾರೋ ಅದನ್ನು ಇಳಿಸಿರುತ್ತಾರೆ, ಅಕ್ಷರ ಹಿಗ್ಗಿ ಅಂಚು ಕಲಸಿರುತ್ತದೆ. ಎಲ್‌ಸಿಡಿ ಪರದೆಗೆ ಹುಟ್ಟಿನಿಂದಲೇ ಒಂದು ಲೆಕ್ಕ ಇದೆ, ಬಹಳಷ್ಟು ಮಾನಿಟರುಗಳಿಗೆ ಅದು 1920×1080. ಪಟ್ಟಿಯಲ್ಲಿ ‘ರೆಕಮೆಂಡೆಡ್’ ಎಂದಿರುವುದನ್ನೇ ಇಟ್ಟು, ಪಕ್ಕದ ‘ಸ್ಕೇಲ್’ ಅನ್ನು 125 ಅಥವಾ 150 ಪ್ರತಿಶತಕ್ಕೆ ಏರಿಸಿ. ಅಕ್ಷರ ದೊಡ್ಡದೂ ಆಗುತ್ತದೆ, ಚೂಪೂ ಉಳಿಯುತ್ತದೆ.

ಆಗಲೂ ಮಬ್ಬೇ? ‘ಅಷ್ಟೇ ದೂರದಲ್ಲಿ ಪಂಚಾಂಗ ಹಿಡಿದು ನೋಡಿ’ ಅನ್ನಿ. ಅದೂ ಮಬ್ಬಾದರೆ ನಿಮ್ಮ ಕೆಲಸ ಮುಗಿಯಿತು, ಇನ್ನು ಕಣ್ಣಿನ ಡಾಕ್ಟರದು, ಪೊರೆ ಇರಬಹುದು. ಎರಡು ಭಾಗದ ಕನ್ನಡಕದವರಿಗೆ ಇನ್ನೊಂದು ಪೇಚು: ಕೆಳಗಿನ ಭಾಗ ಕೈಯಲ್ಲಿ ಹಿಡಿದ ಪತ್ರಿಕೆಗೆ, ಮೇಲಿನದು ದೂರಕ್ಕೆ. ಮಾನಿಟರ್ ಎರಡರ ನಡುವೆ. ಅದಕ್ಕೇ ಗದ್ದ ಎತ್ತಿ ಕೆಳಗಿನ ಗಾಜಿನಲ್ಲಿ ನೋಡುತ್ತಾರೆ, ಸಂಜೆಗೆ ಕುತ್ತಿಗೆ ನೋವು. ಮಾನಿಟರಿನ ಅಡಿಗೆ ಎತ್ತರಕ್ಕೆಂದು ಇಟ್ಟ ದಪ್ಪ ಪುಸ್ತಕಗಳನ್ನು ತೆಗೆಸಿ ಪರದೆ ತಗ್ಗಿಸಿದರೆ ಅರ್ಧ ಆರಾಮ. ಕಂಪ್ಯೂಟರಿನ ದೂರಕ್ಕೇ ಬೇರೆ ಕನ್ನಡಕ ಮಾಡಿಸಿದರೆ ಪೂರ್ತಿ.

ಹಬ್ಬ ಮುಗಿದ ಮೇಲೆ ದೊಡ್ಡಪ್ಪ ಡಬ್ಬಿಯ ಬೆನ್ನಿನ ಫೋಟೊ ಕಳಿಸಿದ್ದರು. ಕೆಳಗಿನ ತೂತಿನ ಪಕ್ಕ ದೊಡ್ಡಮ್ಮ ಉಗುರುಬಣ್ಣದಲ್ಲಿ ಕೆಂಪು ಚುಕ್ಕಿ ಇಟ್ಟಿದ್ದರು. ಮೇಲಿನದಕ್ಕೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿತ್ತು.