ಹುಡುಕಾಟದ ಫಲಿತಾಂಶಕ್ಕೆ ಬಳಕೆದಾರರ ರೇಟಿಂಗ್ ಜೋಡಿಸುವುದು ಹೇಗೆ?

ಹುಬ್ಬಳ್ಳಿ-ಧಾರವಾಡದ ಖಾನಾವಳಿಗಳನ್ನು ಹುಡುಕಿಕೊಡುವ ಆ್ಯಪ್ ಒಂದನ್ನು ನೀವು ಸಿದ್ಧಪಡಿಸುತ್ತಿದ್ದೀರಿ ಎಂದುಕೊಳ್ಳಿ. ಉಂಡವರು ಒಂದರಿಂದ ಐದರವರೆಗೆ ಸ್ಟಾರ್ ಕೊಡುತ್ತಾರೆ. ಅವುಗಳ ಸರಾಸರಿ ತೆಗೆದು, ಹೆಚ್ಚು ಬಂದದ್ದನ್ನು ಮೇಲಿಟ್ಟರೆ ಸಾಕೆಂದು ಮೊದಲಿಗೆ ಅನಿಸುತ್ತದೆ. ಆದರೆ ಹಾಗೆ ಮಾಡಿದಾಗ ಇಬ್ಬರೇ ಐದೈದು ಸ್ಟಾರ್ ಕೊಟ್ಟ ಖಾನಾವಳಿ ಮೇಲೇರಿ, 180 ಜನ ಸರಾಸರಿ 4.4 ಕೊಟ್ಟ ಖಾನಾವಳಿ ಅದರ ಕೆಳಗೆ ಬೀಳುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ರೇಟಿಂಗನ್ನು ಅದನ್ನು ಕೊಟ್ಟವರ ಸಂಖ್ಯೆಯೊಂದಿಗೆ ತೂಗುವುದು. ಇದಕ್ಕೆ ಬೇಯೆಸಿಯನ್ ಸರಾಸರಿ ಎಂಬ ಸರಳ ವಿಧಾನವಿದೆ. ಆ್ಯಪ್‌ನಲ್ಲಿರುವ ಎಲ್ಲ ಖಾನಾವಳಿಗಳ ಒಟ್ಟು ಸರಾಸರಿ 3.9 ಎಂದಿಟ್ಟುಕೊಂಡು, ಪ್ರತಿಯೊಂದಕ್ಕೂ ಅಷ್ಟೇ ಬೆಲೆಯ 20 ಕಾಲ್ಪನಿಕ ಮತಗಳನ್ನು ಸೇರಿಸಿ. ಮೊದಲ ಖಾನಾವಳಿಗೆ ನಿಜವಾದ 10 ಸ್ಟಾರ್‌ಗಳ ಜೊತೆ 78 ಸೇರಿ, 22ರಿಂದ ಭಾಗಿಸಿದಾಗ 4.0 ಬರುತ್ತದೆ; ಎರಡನೆಯದಕ್ಕೆ 792ರ ಜೊತೆ 78 ಸೇರಿ, 200ರಿಂದ ಭಾಗಿಸಿದಾಗ 4.35 ಬರುತ್ತದೆ. ಕ್ರಮ ಸರಿಹೋಯಿತು. ಇನ್ನೂ ಒಂದೂ ಮತ ಬೀಳದ ಹೊಸ ಖಾನಾವಳಿಗೆ ಸೊನ್ನೆಯ ಬದಲು 3.9 ಸಿಗುವುದು ಈ ಲೆಕ್ಕದ ದೊಡ್ಡ ಗುಣ. ಮೆಚ್ಚುಗೆ ಅಥವಾ ಅಸಮ್ಮತಿ ಎಂಬ ಎರಡೇ ಆಯ್ಕೆಗಳಿರುವಲ್ಲಿ, ಎಡ್ವಿನ್ ವಿಲ್ಸನ್ 1927ರಲ್ಲಿ ಮುಂದಿಟ್ಟ ವಿಶ್ವಾಸ ಅಂತರದ, ಅಂದರೆ ನಿಜವಾದ ಮೆಚ್ಚುಗೆಯ ಪ್ರಮಾಣ ಇರಬಹುದಾದ ವ್ಯಾಪ್ತಿಯ, ಕೆಳಗಿನ ಮಿತಿಯನ್ನು ಬಳಸುವುದುಂಟು. ಐದು ಸ್ಟಾರ್‌ಗಳ ಪದ್ಧತಿಗೆ ಬೇಯೆಸಿಯನ್ ಸರಾಸರಿಯೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಹೆಜ್ಜೆಯಲ್ಲಿ ಹೆಚ್ಚಿನ ಎಚ್ಚರ ಬೇಕು. ಖಾರವಾದ ಮಾಂಸದಡುಗೆಗೆ ಹೆಸರಾದ ‘ಸಾವಜಿ ಊಟ’ವನ್ನು ಹುಡುಕಿದವರಿಗೆ, 4.8 ರೇಟಿಂಗ್ ಇದೆಯೆಂಬ ಒಂದೇ ಕಾರಣಕ್ಕೆ, ಜೋಳದ ರೊಟ್ಟಿ-ಎಣ್ಣೆಗಾಯಿಯ ಶುದ್ಧ ಸಸ್ಯಾಹಾರಿ ಖಾನಾವಳಿಯನ್ನು ಮೊದಲು ತೋರಿಸಿದರೆ ಆ ಹುಡುಕಾಟವೇ ವ್ಯರ್ಥ. ಕೇಳಿದ್ದಕ್ಕೆ ಉತ್ತರ ಎಷ್ಟು ಹೊಂದುತ್ತದೆ ಎಂಬುದು ಮೊದಲು. ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹೊಂದುವವುಗಳ ನಡುವೆ ಯಾವುದು ಮೇಲೆ ಎಂದು ತೀರ್ಮಾನಿಸುವಷ್ಟೇ ಅಧಿಕಾರ ರೇಟಿಂಗ್‌ಗೆ ಇರಬೇಕು. ಪದಗಳ ಹೊಂದಾಣಿಕೆಗೆ ಬಿಎಂ25ರಂಥ ಸೂತ್ರ ಕೊಡುವ ಅಂಕವನ್ನು ಒಂದು ಸಣ್ಣ ಗುಣಕದಿಂದ ಗುಣಿಸಿದರೆ ಇದು ಸಾಧ್ಯ. ತೂಗಿದ ರೇಟಿಂಗ್‌ನಿಂದ 3.9 ಕಳೆದು, ಉಳಿದದ್ದನ್ನು 0.2ರಿಂದ ಗುಣಿಸಿ, ಒಂದಕ್ಕೆ ಸೇರಿಸಿ. ಆಗ 4.35ಕ್ಕೆ 1.09, 4.0ಕ್ಕೆ 1.02 ಬರುತ್ತದೆ. ಹೊಂದಾಣಿಕೆಯಲ್ಲಿ 10 ಅಂಕ ಪಡೆದ 4.35ರ ಖಾನಾವಳಿ 10.9ಕ್ಕೇರಿ, 10.5 ಪಡೆದು 10.71ಕ್ಕೆ ನಿಂತ 4.0ರ ಖಾನಾವಳಿಯನ್ನು ದಾಟುತ್ತದೆ. ಆದರೆ ಹೊಂದಾಣಿಕೆಯಲ್ಲಿ 7 ಅಂಕವಷ್ಟೇ ಪಡೆದದ್ದು ಪೂರ್ಣ ಐದು ಸ್ಟಾರ್ ಇದ್ದರೂ 8.54ಕ್ಕಿಂತ ಮೇಲೇರದು. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶ ಬಳಸುವವರಿಗೆ ಇಂಥ ಗುಣಕವನ್ನು ಜೋಡಿಸಲು ‘ಫಂಕ್ಷನ್ ಸ್ಕೋರ್’ ಸೌಲಭ್ಯವಿದೆ.

ಅಡುಗೆಯವರು ಬದಲಾದರೆ ರುಚಿಯೂ ಬದಲಾಗುತ್ತದೆ. ಹಾಗಾಗಿ ಪ್ರತಿ ವರ್ಷಕ್ಕೊಮ್ಮೆ ಹಳೆಯ ಮತದ ತೂಕ ಅರ್ಧಕ್ಕಿಳಿಯುವಂತೆ ಮಾಡಿ. ಮತಗಳ ಸಂಖ್ಯೆಯನ್ನೂ ಅದೇ ತೂಕದಲ್ಲಿ ಎಣಿಸಿ.

ರೇಟಿಂಗ್‌ನಿಂದ ಸ್ಥಾನ ಬದಲಾಗುತ್ತದೆಂದು ತಿಳಿದ ಕೂಡಲೇ ಸುಳ್ಳು ಮತಗಳು ಬರತೊಡಗುತ್ತವೆ. ಒಂದು ಮೊಬೈಲ್ ಸಂಖ್ಯೆಗೆ ಒಂದೇ ಮತ ಎಂಬ ನಿಯಮವಿರಲಿ. ಒಂದೇ ದಿನ ಗುಂಪಾಗಿ ಬಂದ ಮತಗಳನ್ನು ಪರಿಶೀಲಿಸುವವರೆಗೆ ಲೆಕ್ಕಕ್ಕೆ ಹಿಡಿಯಬೇಡಿ. ಗ್ರಾಹಕರ ಆನ್‌ಲೈನ್ ವಿಮರ್ಶೆಗಳನ್ನು ಸಂಗ್ರಹಿಸಿ, ಪರಿಶೀಲಿಸಿ, ಪ್ರಕಟಿಸುವ ಬಗೆಗೆ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡ ಹೊರಡಿಸಿದೆ. ಸಣ್ಣ ಆ್ಯಪ್ ನಡೆಸುವವರೂ ಅದನ್ನು ಓದುವುದು ಒಳ್ಳೆಯದು.

ಸುಳ್ಳೇ ಇಲ್ಲದಿದ್ದರೂ ಇನ್ನೊಂದು ಓರೆ ಉಳಿಯುತ್ತದೆ. ಮೇಲಿರುವುದನ್ನೇ ಜನ ನೋಡುತ್ತಾರೆ, ಅಲ್ಲಿಗೇ ಹೋಗುತ್ತಾರೆ, ಅದಕ್ಕೇ ಮತ್ತೆ ಸ್ಟಾರ್ ಕೊಡುತ್ತಾರೆ. ಧಾರವಾಡದ ಓಣಿಯೊಂದರಲ್ಲಿ ಹೊಸದಾಗಿ ಶುರುವಾದ ಖಾನಾವಳಿ ಹೀಗೆ ಯಾರ ಕಣ್ಣಿಗೂ ಬೀಳದೆ ಉಳಿಯಬಾರದು. ಮೊದಲ ಹತ್ತು ಫಲಿತಾಂಶಗಳಲ್ಲಿ ಒಂದು ಸ್ಥಾನವನ್ನು, ಕೇಳಿದ್ದಕ್ಕೆ ಹೊಂದುವ ಹೊಸಬರಿಗೆ ಸರದಿಯಂತೆ ಬಿಟ್ಟುಕೊಡಿ.

ಇಲ್ಲಿ ಕೊಟ್ಟ 20 ಮತ್ತು 0.2 ಉದಾಹರಣೆಗಳು ಮಾತ್ರ. ಜನ ನಿಜವಾಗಿ ಹುಡುಕಿದ ಐವತ್ತು ಪದಗಳನ್ನು ಆರಿಸಿ, ರೇಟಿಂಗ್ ಸೇರಿಸುವ ಮುಂಚಿನ ಮತ್ತು ನಂತರದ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ಊರು ಬಲ್ಲ ಇಬ್ಬರು ಮೂವರಿಗೆ ತೋರಿಸಿ. ಸಂಬಂಧವಿಲ್ಲದ್ದು ಮೇಲೇರಿದ್ದರೆ 0.2ನ್ನು ಇಳಿಸಿ, ಬೆರಳೆಣಿಕೆಯ ಮತಗಳ ಖಾನಾವಳಿಗಳು ಇನ್ನೂ ಮುಂದಿದ್ದರೆ 20ನ್ನು ಏರಿಸಿ, ಮತ್ತೆ ಹೋಲಿಸಿ.